ಶಾಲೆಯ ವಾತಾವರಣವೂ ಮುಖ್ಯೋಪಾಧ್ಯಾಯರ ನಾಯಕತ್ವವೂ: ಒಂದು ಚಾರಿತ್ರಿಕ ಅವಲೋಕನ

ದೇವಾಲಯವೊಂದು ಎದ್ದು ನಿಂತಲ್ಲಿ ಅದರ ಮಗ್ಗುಲಲ್ಲೇ ಶಾಲೆಯೊಂದು ತಲೆಯೆತ್ತುವುದು ನಮ್ಮ ನಾಡಿನ ಕಥೋಲಿಕ ಧರ್ಮಸಭೆಯ ಹಳೆಯ ವಾಡಿಕೆ. ಶತಮಾನೋತ್ಸವದಂತಹ ಶುಭ ಸಂದರ್ಭಗಳಲ್ಲಿ ನಾವು ಅಡಿಗಲ್ಲನ್ನಿಟ್ಟವರನ್ನೂ ಗೋಪುರವನ್ನು ಕಟ್ಟಿಸಿದವರನ್ನೂ ಗಂಟೆಯನ್ನು ತರಿಸಿಕೊಟ್ಟವರನ್ನೂ ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಅದು ಯುಕ್ತವೇ ಸರಿ. ಆದರೆ ಶಾಲೆಯ ಚರಿತ್ರೆಯನ್ನು ಕಟ್ಟಡದ ಚರಿತ್ರೆಯಂತೆ ಬರೆಯಲು ಬಾರದು. ಒಂದೇ ಕಟ್ಟಡದಲ್ಲಿ, ಅದೇ ಅಧ್ಯಾಪಕರೊಡನೆ, ಅದೇ ಪಠ್ಯಪುಸ್ತಕಗಳನ್ನಿಟ್ಟುಕೊಂಡು ಒಂದು ಶಾಲೆ ಹತ್ತು ವರ್ಷ ಅರಳಿ, ಮುಂದಿನ ಹತ್ತು ವರ್ಷ ಬಾಡಿದ ನಿದರ್ಶನಗಳು ಎಲ್ಲ ಊರುಗಳಲ್ಲೂ ಉಂಟು. ಹಾಗೆ ಅರಳಿಸುವ ಅಥವಾ ಬಾಡಿಸುವ ಆ ಕಣ್ಣಿಗೆ ಕಾಣದ ವಸ್ತುವನ್ನು ಶಿಕ್ಷಣ ಶಾಸ್ತ್ರಜ್ಞರು ಶಾಲೆಯ 'ವಾತಾವರಣ' ಎಂದು ಕರೆದಿದ್ದಾರೆ. ಅದಕ್ಕೂ ಶಾಲೆಯ ಮುಖ್ಯಸ್ಥರ ನಾಯಕತ್ವದ ರೀತಿಗೂ ಇರುವ ಸಂಬಂಧವನ್ನು ಚರಿತ್ರೆಯ ಬೆಳಕಿನಲ್ಲಿ ನೋಡುವುದೇ ಈ ಬರಹದ ಉದ್ದೇಶ.

ಅರೆಕೆರೆಯ ಸುತ್ತಮುತ್ತಲಿನವರಿಗೆ ಇದು ದೂರದ ವಿಷಯವೇನಲ್ಲ. ಕೆಲವು ದಶಕಗಳ ಹಿಂದೆ ಹೊಲ ತೋಟಗಳ ನಡುವೆ ಇದ್ದ ಹಳ್ಳಿ ಇಂದು ಬೆಂಗಳೂರು ಮಹಾನಗರದ ಒಂದು ಭಾಗವಾಗಿದೆ. ಬನ್ನೇರುಘಟ್ಟ ರಸ್ತೆಯ ಇಕ್ಕೆಲಗಳಲ್ಲೂ ಶಾಲೆಗಳ ಫಲಕಗಳಿಗೆ ಕೊರತೆಯಿಲ್ಲ. ಅದೇ ರಸ್ತೆಯಲ್ಲಿ, ಬಿಳೇಕಹಳ್ಳಿಯಲ್ಲಿ, ಐ.ಐ.ಎಂ. ಎಂದು ಎಲ್ಲರೂ ಬಲ್ಲ, 1973ರಲ್ಲಿ ಸ್ಥಾಪಿತವಾದ ಆಡಳಿತ ನಿರ್ವಹಣಾ ಸಂಸ್ಥೆಯೂ ಇದೆ. ಉದ್ಯಮಗಳನ್ನು ನಡೆಸುವವರಿಗೆ ನಾಯಕತ್ವವನ್ನು ಒಂದು ಶಾಸ್ತ್ರವಾಗಿ ಬೋಧಿಸುವ ಸಂಸ್ಥೆ ಅದು. ಆದರೆ ಮಗುವನ್ನು ಎಂಟನೆಯ ತರಗತಿಗೆ ಸೇರಿಸಲು ಹೊರಟ ತಂದೆತಾಯಿಗಳು ಎಸ್.ಎಸ್.ಎಲ್.ಸಿ. ಫಲಿತಾಂಶವೆಷ್ಟು, ಶುಲ್ಕವೆಷ್ಟು, ಬಸ್ಸು ಮನೆಯ ಬಳಿ ಬರುವುದೇ ಎಂದು ವಿಚಾರಿಸುತ್ತಾರೆಯೇ ಹೊರತು, ಆ ಶಾಲೆಯನ್ನು ನಡೆಸುವವರು ಎಂತಹವರು, ಅಲ್ಲಿಯ ಅಧ್ಯಾಪಕರು ಅವರೊಡನೆ ಮನಬಿಚ್ಚಿ ಮಾತನಾಡಬಲ್ಲರೇ ಎಂದು ವಿಚಾರಿಸುವವರು ವಿರಳ. ಮಗುವಿನ ಹದಿಮೂರರಿಂದ ಹದಿನಾರರವರೆಗಿನ ವಯಸ್ಸು ಕಳೆಯುವುದು ಆ ವಾತಾವರಣದಲ್ಲಿಯೇ ಎಂಬುದನ್ನು ನೆನೆದಾಗ ಈ ಉದಾಸೀನ ಸಣ್ಣದಲ್ಲ.

ಯೇಸುಸಭೆಯ ಹಳೆಯ ಕಟ್ಟಳೆ

ಶಾಲೆಯ ಮುಖ್ಯಸ್ಥನ ಅಧಿಕಾರಕ್ಕೆ ಒಂದು ಸ್ಪಷ್ಟ ರೂಪವನ್ನು ಕೊಟ್ಟ ಪ್ರಾಚೀನ ದಾಖಲೆಗಳಲ್ಲಿ ಯೇಸುಸಭೆಯವರು 1599ರಲ್ಲಿ ಹೊರತಂದ 'ರಾಶಿಯೋ ಸ್ಟುಡಿಯೋರುಂ' ಎಂಬ ಶಿಕ್ಷಣ ಕಟ್ಟಳೆ ಮುಖ್ಯವಾದುದು. ಅದರಲ್ಲಿ ಶಾಲೆಯ ಸಮಸ್ತ ಅಧಿಕಾರವೂ ಒಬ್ಬನ ಕೈಯಲ್ಲೇ ಇರಲಿಲ್ಲ. ಮೇಲೆ ರೆಕ್ಟರರು, ಅವರಿಗೆ ನೆರವಾಗಿ ಪಾಠಪ್ರವಚನಗಳನ್ನು ನೋಡಿಕೊಳ್ಳುವ ಪ್ರಿಫೆಕ್ಟರು, ತರಗತಿಗಳಲ್ಲಿ ಅಧ್ಯಾಪಕರು, ಹೀಗೆ ಹೊಣೆ ಹಂಚಿಕೆಯಾಗಿತ್ತು. ಅಧ್ಯಾಪಕರು ದುಡುಕಿ ದಂಡಿಸಬಾರದು, ತಪ್ಪನ್ನು ಅಗೆದಗೆದು ಹುಡುಕಬಾರದು ಎಂಬ ಬುದ್ಧಿವಾದವೂ ಅದರಲ್ಲಿತ್ತು. ದೈಹಿಕ ದಂಡನೆ ಅನಿವಾರ್ಯವೆಂದು ಕಂಡಾಗಲೂ ಯೇಸುಸಭೆಯ ಅಧ್ಯಾಪಕರು ತಾವೇ ಹೊಡೆಯದೆ, ಅದಕ್ಕಾಗಿ ಸಭೆಗೆ ಸೇರದ ಬೇರೊಬ್ಬನನ್ನು ನೇಮಿಸಬೇಕೆಂದು ವಿಧಿಸಲಾಗಿತ್ತು. ಇಂದು ಇದು ವಿಚಿತ್ರವಾಗಿ ತೋರಬಹುದು. ಆದರೆ ಕಲಿಸುವ ಕೈಯೂ ಹೊಡೆಯುವ ಕೈಯೂ ಒಂದೇ ಆಗಬಾರದೆಂಬ ಮನೋಧರ್ಮ ಅದರ ಹಿಂದೆ ಇದ್ದಿತೆಂಬುದನ್ನು ನಾವು ಗಮನಿಸಬೇಕು. ಬೆತ್ತವೇ ವಿದ್ಯೆಯ ತಾಯಿಯೆಂದು ಲೋಕವೆಲ್ಲ ನಂಬಿದ್ದ ಕಾಲ ಅದು. 'ಛಡಿ ಛಂ ಛಂ, ವಿದ್ಯಾ ಘಂ ಘಂ' ಎಂಬ ಮಾತು ನಮ್ಮ ನಾಡಿನಲ್ಲಿ ತೀರ ಇತ್ತೀಚಿನವರೆಗೂ ಬಳಕೆಯಲ್ಲಿತ್ತಲ್ಲವೇ?

ಈ ಪರಂಪರೆ ನಮ್ಮ ನಾಡಿಗೂ ಹರಿದು ಬಂದಿತು. ಯೇಸುಸಭೆಯ ಗುರುಗಳು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಬೆಂಗಳೂರಿನಲ್ಲಿ ಪ್ಯಾರಿಸ್ ವಿದೇಶ ಮಿಷನ್ ಸಭೆಯ ಗುರುಗಳು ಕಟ್ಟಿ ಬೆಳೆಸಿದ ಸಂತ ಜೋಸೆಫರ ವಿದ್ಯಾಸಂಸ್ಥೆಗಳನ್ನು 1937ರಲ್ಲಿ ಯೇಸುಸಭೆಯವರು ವಹಿಸಿಕೊಂಡರು. ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ಗುಡ್ ಶೆಫರ್ಡ್ ಸಭೆಯ ಭಗಿನಿಯರು 1854ರಲ್ಲೇ ಬೆಂಗಳೂರಿಗೆ ಬಂದಿದ್ದರು. ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು 1870ರಲ್ಲಿ ಮಂಗಳೂರನ್ನು ತಲುಪಿದರು. ಈ ಭಗಿನಿಯರ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯಿನಿಯರು ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತಿದ್ದರು. ಅವರಲ್ಲಿ ಬಹುಮಂದಿಯ ಹೆಸರುಗಳು ಸಾರ್ವಜನಿಕರ ನೆನಪಿನಲ್ಲಿ ಉಳಿದಿಲ್ಲ. ಆದರೂ ಆ ಶಾಲೆಗಳು ಒಂದೇ ರೀತಿಯ ನಡೆನುಡಿಯನ್ನು ತಲೆಮಾರುಗಳವರೆಗೆ ಕಾಪಾಡಿಕೊಂಡು ಬಂದುವು. ಇದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಏಕೆಂದರೆ ಈ ಬರಹದ ಮುಖ್ಯ ಪ್ರಶ್ನೆ ಅಲ್ಲಿಯೇ ಅಡಗಿದೆ.

ರಗ್ಬಿಯಿಂದ ಬೆಂಗಳೂರಿಗೆ

ಒಬ್ಬ ಮುಖ್ಯೋಪಾಧ್ಯಾಯರು ಶಾಲೆಯ ವಾತಾವರಣವನ್ನು ಬುಡಮಟ್ಟ ಬದಲಿಸಬಲ್ಲರೆಂಬುದಕ್ಕೆ ಪ್ರಸಿದ್ಧವಾದ ಒಂದು ನಿದರ್ಶನ ಇಂಗ್ಲೆಂಡಿನದು. ಅದಕ್ಕೂ ಬೆಂಗಳೂರಿಗೂ ನೇರವಾದ ನಂಟಿದೆ.

ಥಾಮಸ್ ಆರ್ನಾಲ್ಡರು 1828ರಿಂದ 1842ರಲ್ಲಿ ತಾವು ತೀರಿಕೊಳ್ಳುವವರೆಗೆ ರಗ್ಬಿ ಶಾಲೆಯ ಮುಖ್ಯಸ್ಥರಾಗಿದ್ದರು. ಅವರ ಮುಖ್ಯ ಸಾಧನೆ, ಹಿರಿಯ ವಿದ್ಯಾರ್ಥಿಗಳ ಮೇಲೆ ನಂಬಿಕೆಯಿಟ್ಟು ಶಾಲೆಯ ಶಿಸ್ತಿನ ಹೊಣೆಯಲ್ಲಿ ಅವರಿಗೂ ಪಾಲು ಕೊಟ್ಟದ್ದು. ಅವರ ಕೈಕೆಳಗೆ ಉಪಾಧ್ಯಾಯರಾಗಿ ಪಳಗಿದವರಲ್ಲಿ ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್ ಒಬ್ಬರು. ಇತ್ತ 1843ರಲ್ಲಿ ಸ್ಥಾಪಿತವಾಗಿದ್ದ ಮಾರ್ಲ್‌ಬರೋ ಶಾಲೆಯಲ್ಲಿ ಅವ್ಯವಸ್ಥೆ ಮಿತಿಮೀರಿ, 1851ರಲ್ಲಿ ವಿದ್ಯಾರ್ಥಿಗಳು ಬಹಿರಂಗವಾಗಿ ದಂಗೆಯೆದ್ದರು. ಕಿಟಕಿ ಬಾಗಿಲುಗಳು ಪುಡಿಯಾದುವು. ಮುಖ್ಯಸ್ಥರು ಸ್ಥಾನವನ್ನು ತ್ಯಜಿಸಬೇಕಾಯಿತು. 1852ರಲ್ಲಿ ಕಾಟನ್ನರು ಅಲ್ಲಿಗೆ ಬಂದರು. ಅವರು ಮಾಡಿದ್ದೇನು? ಬೆತ್ತಗಳ ಸಂಖ್ಯೆಯನ್ನು ಹೆಚ್ಚಿಸಲಿಲ್ಲ. ಹಿರಿಯ ವಿದ್ಯಾರ್ಥಿಗಳಿಗೆ ನಾಯಕತ್ವದ ಹೊಣೆಯನ್ನು ವಹಿಸಿದರು. ಉತ್ಸಾಹಿಗಳಾದ ತರುಣ ಅಧ್ಯಾಪಕರನ್ನು ಕರೆತಂದರು. ಬಿಡುವಿನ ಹೊತ್ತಿನಲ್ಲಿ ಊರು ಅಲೆದು ತಂಟೆ ಮಾಡುತ್ತಿದ್ದ ಹುಡುಗರಿಗೆ ವ್ಯವಸ್ಥಿತವಾದ ಆಟೋಟಗಳನ್ನು ಒದಗಿಸಿದರು. ಕೆಲವೇ ವರ್ಷಗಳಲ್ಲಿ ಶಾಲೆ ಚೇತರಿಸಿಕೊಂಡಿತು.

ಇದೇ ಕಾಟನ್ನರು 1858ರಲ್ಲಿ ಕಲ್ಕತ್ತೆಯ ಆಂಗ್ಲಿಕನ್ ಬಿಷಪರಾಗಿ ಭಾರತಕ್ಕೆ ಬಂದರು. 1866ರಲ್ಲಿ ನದಿಯಲ್ಲಿ ಮುಳುಗಿ ಅಕಾಲ ಮರಣಕ್ಕೀಡಾದರು. ಬೆಂಗಳೂರಿನಲ್ಲಿ 1865ರಲ್ಲಿ ಆರಂಭವಾದ ಬಿಷಪ್ ಕಾಟನ್ ಶಾಲೆ ಅವರ ಹೆಸರನ್ನೇ ಹೊತ್ತಿದೆ. 1871ರಿಂದ ಸುಮಾರು ಒಂದು ದಶಕ ಆ ಶಾಲೆಯನ್ನು ನಡೆಸಿದವರು, ಮುಂದೆ ತಿರುಕ್ಕುರಳನ್ನು ಇಂಗ್ಲಿಷಿಗೆ ಅನುವಾದಿಸಿ ಖ್ಯಾತರಾದ ಜಿ. ಯು. ಪೋಪ್. ಮಹಾವಿದ್ವಾಂಸರಾದ ಪೋಪರು ಉಪಾಧ್ಯಾಯರಾಗಿ ಬಹು ಕಠಿಣರೆಂದು ಹೆಸರಾಗಿದ್ದರು. ನಂಬಿಕೆಯಿಂದ ಶಿಸ್ತನ್ನು ತಂದ ಬಿಷಪರ ಹೆಸರೂ ಭಯದಿಂದ ಶಿಸ್ತನ್ನು ತರಬಲ್ಲವರೆಂದು ಹೆಸರಾದ ವಿದ್ವಾಂಸರ ಆಳ್ವಿಕೆಯೂ ಒಂದೇ ಅಂಗಳದಲ್ಲಿ ಕೂಡಿದ್ದು ಚರಿತ್ರೆಯ ಒಂದು ಸೋಜಿಗ. ನಮ್ಮ ಕಥೋಲಿಕ ಶಾಲೆಗಳೂ ಸೇರಿದಂತೆ ಬೆಂಗಳೂರಿನ ಎಷ್ಟೋ ಪ್ರೌಢಶಾಲೆಗಳಲ್ಲಿ ಇಂದು ಕಾಣುವ ವಿದ್ಯಾರ್ಥಿ ನಾಯಕರು, ಬಣ್ಣಬಣ್ಣದ 'ಹೌಸು'ಗಳು, ಅವುಗಳ ನಡುವಿನ ಪಂದ್ಯಾಟಗಳು, ಇವೆಲ್ಲಕ್ಕೂ ಆ ಆಂಗ್ಲ ಶಾಲೆಗಳ ಸಂಪ್ರದಾಯವೇ ಮೂಲ. ಆದರೆ ಹೊರಗಿನ ರೂಪ ಬಂದಲ್ಲೆಲ್ಲ ಒಳಗಿನ ನಂಬಿಕೆಯೂ ಬಂದಿತೆಂದು ಹೇಳಲಾಗದು. ಹಿರಿಯ ಹುಡುಗರಿಗೆ ಕೊಟ್ಟ ಅಧಿಕಾರ ಕಿರಿಯರ ಮೇಲಿನ ದಬ್ಬಾಳಿಕೆಯಾಗಿ ಪರಿಣಮಿಸಿದ ಪ್ರಸಂಗಗಳು ಇಂಗ್ಲೆಂಡಿನಲ್ಲೂ ನಡೆದುವು. ಹೊಣೆಯನ್ನು ವಹಿಸಿದ ಮುಖ್ಯಸ್ಥರು ಅದರ ಮೇಲೆ ಕಣ್ಣಿಡುವ ಹೊಣೆಯನ್ನು ಬಿಟ್ಟುಕೊಡಬಾರದೆಂಬುದೇ ಅದರ ಪಾಠ.

ಸಂತ ಡಾನ್ ಬಾಸ್ಕೋರವರ ಆಟದ ಬಯಲು

ಹತ್ತೊಂಬತ್ತನೆಯ ಶತಮಾನದಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಸಂತ ಡಾನ್ ಬಾಸ್ಕೋರವರು ಬೇರೊಂದು ದಾರಿಯನ್ನು ತೋರಿಸಿದರು. 1877ರಲ್ಲಿ ಅವರು ಬರೆದ ಕಿರುಪ್ರಬಂಧದಲ್ಲಿ ಎರಡು ಪದ್ಧತಿಗಳನ್ನು ಎದುರೆದುರಾಗಿ ನಿಲ್ಲಿಸಿದರು. ನಿಯಮವನ್ನು ಸಾರಿ, ದೂರದಲ್ಲಿ ನಿಂತು, ತಪ್ಪಿದವರನ್ನು ಹಿಡಿದು ದಂಡಿಸುವುದು ಒಂದು; ಮಕ್ಕಳ ನಡುವೆಯೇ ಇದ್ದು, ತಪ್ಪುವ ಮುನ್ನವೇ ಕೈಹಿಡಿದು ನಡೆಸುವುದು ಇನ್ನೊಂದು. ಮೊದಲನೆಯದು ದಮನ ಪದ್ಧತಿ, ಎರಡನೆಯದು ನಿವಾರಣಾ ಪದ್ಧತಿ. ವಿವೇಕ, ಧರ್ಮ, ವಾತ್ಸಲ್ಯ ಇವು ಮೂರೂ ಎರಡನೆಯದರ ಆಧಾರಗಳು.

ಆದರೆ ನಮ್ಮ ವಿಷಯಕ್ಕೆ ಆ ಪ್ರಬಂಧಕ್ಕಿಂತಲೂ ಹತ್ತಿರವಾದುದು 1884ರ ಮೇ 10ರಂದು ಅವರು ರೋಮಿನಿಂದ ಟ್ಯೂರಿನ್ನಿನ ತಮ್ಮವರಿಗೆ ಬರೆದ ಪತ್ರ. ಒಂದು ಕನಸಿನ ರೂಪದಲ್ಲಿ ಅವರು ತಮ್ಮ ಸಂಸ್ಥೆಯ ಆಟದ ಬಯಲನ್ನು ಎರಡು ಬಾರಿ ಕಾಣುತ್ತಾರೆ. 1870ಕ್ಕೆ ಹಿಂದಿನ ಚಿತ್ರದಲ್ಲಿ ಗುರುಗಳೂ ಹುಡುಗರೂ ಬೆರೆತು ಓಡುತ್ತಾರೆ, ಹಾಡುತ್ತಾರೆ, ಕಥೆ ಹೇಳುತ್ತಾರೆ. ಅಂದಿನ ದಿನದ ಚಿತ್ರದಲ್ಲಾದರೋ ಹುಡುಗರು ಮಂಕಾಗಿ ಮೂಲೆಗಳಲ್ಲಿ ಗುಂಪುಗೂಡಿದ್ದಾರೆ. ಗುರುಗಳು ದೂರದಲ್ಲಿ ತಮ್ಮತಮ್ಮಲ್ಲೇ ಮಾತನಾಡಿಕೊಳ್ಳುತ್ತಿದ್ದಾರೆ. ನಿಯಮಗಳು ಬದಲಾಗಿರಲಿಲ್ಲ, ಕಟ್ಟಡಗಳು ಮುಂಚಿಗಿಂತ ವಿಸ್ತಾರವಾಗಿದ್ದುವು. ಮೇಲಿನವರು ಮಕ್ಕಳ ನಡುವೆ ಇರುವುದನ್ನು ಬಿಟ್ಟಿದ್ದರು, ಅಷ್ಟೇ. ಮಕ್ಕಳನ್ನು ಪ್ರೀತಿಸಿದರೆ ಸಾಲದು, ತಾವು ಪ್ರೀತಿಸಲ್ಪಡುತ್ತಿದ್ದೇವೆಂದು ಅವರಿಗೆ ತಿಳಿಯಬೇಕು ಎಂಬುದು ಆ ಪತ್ರದ ತಿರುಳು. 'ಶಾಲಾ ವಾತಾವರಣ'ವೆಂಬ ಪಾರಿಭಾಷಿಕ ಪದ ಹುಟ್ಟುವುದಕ್ಕೆ ಎಷ್ಟೋ ದಶಕಗಳ ಮೊದಲೇ ಅದರ ಕಾಯಿಲೆಯನ್ನೂ ಔಷಧವನ್ನೂ ಒಬ್ಬ ಸಂತರು ಗುರುತಿಸಿದ್ದರು.

ಕನ್ನಡ ನಾಡಿನ ಹೆಡ್‌ಮಾಸ್ತರುಗಳು

ನಮ್ಮ ನಾಡಿನಲ್ಲಿಯೂ ಹೆಡ್‌ಮಾಸ್ತರೆಂಬ ಪದಕ್ಕೆ ಒಂದು ತೂಕವನ್ನು ತಂದುಕೊಟ್ಟ ಮಹನೀಯರು ಇದ್ದರು.

ಮೈಸೂರಿನ ಮರಿಮಲ್ಲಪ್ಪ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ದೀರ್ಘಕಾಲ ಸೇವೆ ಸಲ್ಲಿಸಿದ ಎಂ. ವೆಂಕಟಕೃಷ್ಣಯ್ಯನವರನ್ನು (1844–1933) ಜನ 'ತಾತಯ್ಯ'ನವರೆಂದೇ ಕರೆದರು. ಅವರು 'ವೃತ್ತಾಂತ ಚಿಂತಾಮಣಿ', 'ಸಾಧ್ವಿ' ಮೊದಲಾದ ಪತ್ರಿಕೆಗಳನ್ನು ನಡೆಸಿ ಮೈಸೂರು ಸಂಸ್ಥಾನದ ಪತ್ರಿಕೋದ್ಯಮದ ಪಿತಾಮಹರೆನಿಸಿದರು. ದಿಕ್ಕಿಲ್ಲದ ಬಡ ವಿದ್ಯಾರ್ಥಿಗಳಿಗಾಗಿ ಅನಾಥಾಲಯವನ್ನು ಸ್ಥಾಪಿಸಿದರು. ಶಾಲೆಯ ಮುಖ್ಯಸ್ಥನ ಹೊಣೆ ಶಾಲೆಯ ಗೇಟಿನಲ್ಲಿ ಮುಗಿಯುವುದಿಲ್ಲ, ಹುಡುಗ ರಾತ್ರಿ ಎಲ್ಲಿ ಮಲಗುತ್ತಾನೆ, ಏನನ್ನು ಉಣ್ಣುತ್ತಾನೆ ಎಂಬುದೂ ತನ್ನ ಕೆಲಸವೇ ಎಂಬ ಪಿತೃಭಾವ ಅವರದು. ಅದಕ್ಕಿಂತಲೂ ಗಮನಾರ್ಹವಾದುದೆಂದರೆ, ಆ ಪ್ರೀತಿಯನ್ನು ಅವರು ತಮ್ಮೊಬ್ಬರ ಕೈಯ ದಾನವಾಗಿ ಉಳಿಸದೆ ಸಂಸ್ಥೆಯಾಗಿ ಮಾರ್ಪಡಿಸಿದರು.

ಮಕ್ಕಳ ಸಾಹಿತ್ಯಕ್ಕೆ ಹೆಸರಾದ ಪಂಜೆ ಮಂಗೇಶರಾಯರು (1874–1937) ದಕ್ಷಿಣ ಕನ್ನಡದಲ್ಲಿ ಅಧ್ಯಾಪಕರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ ದುಡಿದು, ಅನಂತರ ಮಡಿಕೇರಿಯ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾದರು. ಇನ್ಸ್‌ಪೆಕ್ಟರು ಬರುತ್ತಾರೆಂದರೆ ಶಾಲೆಗೆ ಶಾಲೆಯೇ ನಡುಗುತ್ತಿದ್ದ ಕಾಲದಲ್ಲಿ ಮಕ್ಕಳಿಗಾಗಿ ಹಾಡು ಕಥೆಗಳನ್ನು ಬರೆದ ಅಧಿಕಾರಿ ಅವರು. ಕಡಲ ತೀರದಿಂದ ಬೆಟ್ಟದ ನಾಡಿಗೆ ಹೋದ ಅವರು ಕೊಡಗಿನ ನೆಲವನ್ನೂ ಜನವನ್ನೂ ಕೊಂಡಾಡಿ 'ಹುತ್ತರಿ ಹಾಡ'ನ್ನು ರಚಿಸಿದರು. ತಾನು ನಡೆಸುವ ಶಾಲೆಯ ಮಕ್ಕಳು ಯಾವ ಮಣ್ಣಿನಿಂದ ಬಂದಿದ್ದಾರೆಯೋ ಆ ಮಣ್ಣನ್ನು ಗೌರವಿಸುವುದೂ ನಾಯಕತ್ವದ ಒಂದು ಅಂಗವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಹಲವು ಭಾಷೆಗಳ, ಹಲವು ಊರುಗಳ ಮಕ್ಕಳು ಒಂದೇ ತರಗತಿಯಲ್ಲಿ ಕೂರುವ ಇಂದಿನ ಬೆಂಗಳೂರಿನ ದಕ್ಷಿಣ ಭಾಗಕ್ಕೆ ಈ ಮಾತು ಮತ್ತಷ್ಟು ಸಲ್ಲುತ್ತದೆ.

ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನ ಉದಾಹರಣೆ ಇನ್ನೊಂದು ಬಗೆಯದು. ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಪ್ರೇರಣೆಯಿಂದ 1917ರಲ್ಲಿ ಹುಟ್ಟಿದ ಆ ಶಾಲೆಗೆ 1935ರಲ್ಲಿ ಗೌರಿಬಿದನೂರು ಸೀಮೆಯ ಬಡಹುಡುಗನೊಬ್ಬ ಬಂದು ಸೇರಿದ. ಆತನೇ ಮುಂದೆ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರೂ 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದ ಡಾ. ಎಚ್. ನರಸಿಂಹಯ್ಯ. ಅಧಿಕಾರದ ಮೆಟ್ಟಿಲುಗಳನ್ನು ಏರಿದ ಮೇಲೂ ಅವರು ಖಾದಿಯನ್ನು ಬಿಡಲಿಲ್ಲ, ವಿದ್ಯಾರ್ಥಿನಿಲಯದ ಕೊಠಡಿಯ ವಾಸವನ್ನು ಬಿಡಲಿಲ್ಲ. ಅವರ ವಿಚಾರಗಳೆಲ್ಲವನ್ನೂ ನಾವು ಒಪ್ಪಬೇಕಾಗಿಲ್ಲ. ಆದರೆ ಸರಳತೆಯನ್ನು ಭಾಷಣದಲ್ಲಿ ಬೋಧಿಸದೆ ಬದುಕಿನಲ್ಲಿ ತೋರಿದ ಮುಖ್ಯಸ್ಥರು, ಬಾಯಿ ತೆರೆಯದೆಯೇ ಒಂದು ಸಂಸ್ಥೆಯ ಗಾಳಿಯನ್ನು ನಿರ್ಧರಿಸುತ್ತಾರೆಂಬುದನ್ನು ಒಪ್ಪಲೇಬೇಕು. ಬಡಹುಡುಗನೊಬ್ಬ ಶಾಲೆಯಲ್ಲಿ ಕುಗ್ಗದೆ ತಲೆಯೆತ್ತಿ ನಡೆಯುವುದು ಅಂತಹ ಗಾಳಿಯಲ್ಲಿ.

ಸಂಶೋಧಕರು ಕಂಡದ್ದು

ಹಿರಿಯರು ಅನುಭವದಿಂದ ಅರಿತಿದ್ದನ್ನು ಇಪ್ಪತ್ತನೆಯ ಶತಮಾನದ ವಿದ್ವಾಂಸರು ಪರೀಕ್ಷೆಗೆ ಒಡ್ಡಿದರು. ನಾಜಿ ಜರ್ಮನಿಯನ್ನು ತೊರೆದು ಅಮೆರಿಕೆಗೆ ಹೋಗಿದ್ದ ಕರ್ಟ್ ಲೆವಿನ್ನರು ತಮ್ಮ ಸಹೋದ್ಯೋಗಿಗಳಾದ ಲಿಪಿಟ್ ಮತ್ತು ವೈಟರೊಡನೆ 1938ರ ಸುಮಾರಿಗೆ ಅಯೋವಾ ವಿಶ್ವವಿದ್ಯಾಲಯದಲ್ಲಿ ಹತ್ತು ವರ್ಷದ ಬಾಲಕರ ಕೂಟಗಳನ್ನು ರಚಿಸಿ, ಅವುಗಳಿಗೆ ಮೂರು ಬಗೆಯ ನಾಯಕರನ್ನು ಒದಗಿಸಿದರು. ಒಬ್ಬನು ಎಲ್ಲವನ್ನೂ ತಾನೇ ಆಜ್ಞಾಪಿಸುವವನು; ಇನ್ನೊಬ್ಬನು ಹುಡುಗರೊಡನೆ ಸಮಾಲೋಚಿಸಿ ನಿರ್ಧರಿಸುವವನು; ಮತ್ತೊಬ್ಬನು ಎಲ್ಲವನ್ನೂ ಅವರ ಪಾಡಿಗೆ ಬಿಟ್ಟವನು. ಆಜ್ಞೆಯ ಗುಂಪಿನಲ್ಲಿ ಕೆಲಸವೇನೋ ಭರದಿಂದ ಸಾಗಿತು. ಆದರೆ ನಾಯಕನು ಕೊಠಡಿಯಿಂದ ಹೊರನಡೆದೊಡನೆ ಅದು ಕುಸಿದು ಬಿದ್ದಿತು. ಸಮಾಲೋಚನೆಯ ಗುಂಪಿನಲ್ಲಿ ನಾಯಕನು ಇಲ್ಲದಾಗಲೂ ಕೆಲಸ ಹೆಚ್ಚುಕಡಿಮೆ ಹಾಗೆಯೇ ಮುಂದುವರಿಯಿತು. ಹೇಳುವವರು ಕೇಳುವವರು ಇಲ್ಲದ ಮೂರನೆಯ ಗುಂಪಿನಲ್ಲಿ ಕೆಲಸವೂ ಕಡಿಮೆ, ತೃಪ್ತಿಯೂ ಕಡಿಮೆ. ಸ್ವಾತಂತ್ರ್ಯವೆಂದರೆ ಕೈಚೆಲ್ಲಿ ಕೂರುವುದಲ್ಲವೆಂಬುದನ್ನೂ ಈ ಪ್ರಯೋಗ ತೋರಿಸಿತು.

ಶಾಲೆಗಳಿಗೇ ಸಂಬಂಧಿಸಿದಂತೆ ಹ್ಯಾಲ್ಪಿನ್ ಮತ್ತು ಕ್ರಾಫ್ಟ್ ಎಂಬ ವಿದ್ವಾಂಸರು 1960ರ ದಶಕದ ಆರಂಭದಲ್ಲಿ ಅಮೆರಿಕೆಯ 71 ಪ್ರಾಥಮಿಕ ಶಾಲೆಗಳ ಅಧ್ಯಾಪಕರನ್ನು ಪ್ರಶ್ನಿಸಿ ಆರು ಬಗೆಯ ವಾತಾವರಣಗಳನ್ನು ಗುರುತಿಸಿದರು: ತೆರೆದದ್ದು, ಸ್ವಾಯತ್ತವಾದದ್ದು, ನಿಯಂತ್ರಿತವಾದದ್ದು, ಸಲಿಗೆಯದ್ದು, ಪಿತೃಭಾವದ್ದು, ಮುಚ್ಚಿದ್ದು. ಇವುಗಳಲ್ಲಿ ಪಿತೃಭಾವದ ವಾತಾವರಣವನ್ನು ಅವರು ಮುಚ್ಚಿದ ವಾತಾವರಣದ ಪಕ್ಕದಲ್ಲೇ ಇರಿಸಿದ್ದು ನಮ್ಮಂತಹವರನ್ನು ಚಿಂತನೆಗೆ ಹಚ್ಚಬೇಕು. ಮುಖ್ಯಸ್ಥರು ಎಲ್ಲೆಡೆಯೂ ತಾವೇ ಓಡಾಡುತ್ತ, ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತ ಹೋದಾಗ, ಅವರ ಉದ್ದೇಶ ಎಷ್ಟೇ ಒಳ್ಳೆಯದಾಗಿರಲಿ, ಅಧ್ಯಾಪಕರು ಒಬ್ಬರಿಗೊಬ್ಬರು ಹೆಗಲು ಕೊಟ್ಟು ದುಡಿಯುವುದನ್ನು ಕಲಿಯುವುದಿಲ್ಲ. ತಾತಯ್ಯನವರಂತಹ ಹಿರಿಯರು ಪಿತೃಭಾವವನ್ನು ಸಂಸ್ಥೆಯಾಗಿ ಬೆಳೆಸಿದರು. ಅಷ್ಟು ದೂರದೃಷ್ಟಿಯಿಲ್ಲದ ಕಡೆ ಅದೇ ಪಿತೃಭಾವ ದೊಡ್ಡವರನ್ನೂ ಮಕ್ಕಳಾಗಿಯೇ ಉಳಿಸಿಬಿಡುತ್ತದೆ.

ಪ್ರೌಢಶಾಲೆಗಳಿಗೆಂದು ಆ ಪ್ರಶ್ನಾವಳಿಯನ್ನು 1987ರಲ್ಲಿ ಅಮೆರಿಕೆಯಲ್ಲಿ ತಿದ್ದಿ ರೂಪಿಸಿದಾಗ, ಮುಖ್ಯಸ್ಥರ ನಡವಳಿಕೆಯಲ್ಲಿ ಎರಡನ್ನೇ ಮುಖ್ಯವೆಂದು ಎತ್ತಿಕೊಂಡರು. ಒಂದು ಬೆಂಬಲಿಸುವ ನಡವಳಿಕೆ: ಅಧ್ಯಾಪಕರ ಒಳ್ಳೆಯ ಕೆಲಸವನ್ನು ಬಾಯ್ತುಂಬ ಮೆಚ್ಚುವುದು, ಅವರ ಕಷ್ಟದಲ್ಲಿ ನೆರವಾಗುವುದು, ತಾವು ಮೊದಲು ದುಡಿದು ತೋರಿಸುವುದು. ಇನ್ನೊಂದು ಬಿಗಿಹಿಡಿತದ ನಡವಳಿಕೆ: ಸಣ್ಣಪುಟ್ಟದ್ದರ ಮೇಲೂ ಸತತ ಕಾವಲು. ಮೊದಲನೆಯದು ಹೆಚ್ಚಿದ್ದು, ಎರಡನೆಯದು ಕಡಿಮೆಯಿದ್ದು, ಅಧ್ಯಾಪಕರು ಬೇಸರಕ್ಕೆ ಬೀಳದೆ ಕೆಲಸದಲ್ಲಿ ಮನಸ್ಸಿಟ್ಟಿದ್ದಲ್ಲಿ ಆ ಶಾಲೆಯ ವಾತಾವರಣ ತೆರೆದದ್ದು ಎನಿಸಿತು. ಲಂಡನ್ನಿನ 12 ಪ್ರೌಢಶಾಲೆಗಳನ್ನು ವರ್ಷಗಟ್ಟಲೆ ಅಭ್ಯಸಿಸಿ ಮೈಕೇಲ್ ರಟರ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಗ್ರಂಥವೂ ಇದಕ್ಕೆ ಪೂರಕವಾಗಿದೆ. ಮಕ್ಕಳ ನಡತೆ ಮತ್ತು ಪ್ರಗತಿಯಲ್ಲಿ ಶಾಲೆ ಶಾಲೆಗೆ ಇದ್ದ ವ್ಯತ್ಯಾಸಕ್ಕೆ ಕಟ್ಟಡದ ವಯಸ್ಸಾಗಲಿ ಗಾತ್ರವಾಗಲಿ ಕಾರಣವಾಗಿರಲಿಲ್ಲ. ಪ್ರಶಂಸೆ, ಮಕ್ಕಳಿಗೆ ವಹಿಸಿದ ಹೊಣೆ, ಅಧ್ಯಾಪಕರೆಲ್ಲರೂ ಸೇರಿ ಒಪ್ಪಿಕೊಂಡ ಶಿಸ್ತಿನ ರೀತಿ, ಇವುಗಳಿದ್ದ ಶಾಲೆಗಳು ಮುಂದಿದ್ದುವು.

ನಮ್ಮ ದೇಶದಲ್ಲಿಯೂ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗ (1952–53), ಶಾಲೆಯ ಸುಸೂತ್ರ ನಡೆಗೆ ಕೊನೆಗೂ ಮುಖ್ಯೋಪಾಧ್ಯಾಯರೇ ಆಧಾರವೆಂದೂ, ಸಹೋದ್ಯೋಗಿಗಳ, ವಿದ್ಯಾರ್ಥಿಗಳ ಹಾಗೂ ಸಾರ್ವಜನಿಕರ ಮೇಲೆ ಅವರು ಬೀರುವ ಪ್ರಭಾವವನ್ನು ಅವಲಂಬಿಸಿಯೇ ಶಾಲೆಯ ಕೀರ್ತಿ ನಿಂತಿದೆಯೆಂದೂ ಅಭಿಪ್ರಾಯಪಟ್ಟಿತ್ತು.

ಧರ್ಮಸಭೆಯ ನುಡಿ

ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ, ಕಥೋಲಿಕ ಶಾಲೆಯ ವೈಶಿಷ್ಟ್ಯವೇನೆಂಬ ಪ್ರಶ್ನೆಗೆ ಕೊಟ್ಟ ಉತ್ತರ 'ವಾತಾವರಣ'ವೆಂಬುದೇ. ಶುಭಸಂದೇಶದ ಸ್ವಾತಂತ್ರ್ಯ ಮತ್ತು ಪ್ರೀತಿಯ ಚೈತನ್ಯದಿಂದ ತುಂಬಿದ ವಾತಾವರಣವನ್ನು ಶಾಲಾ ಸಮುದಾಯದಲ್ಲಿ ನಿರ್ಮಿಸುವುದು ಅದರ ಕರ್ತವ್ಯವೆಂದು ಮಹಾಸಭೆ ತಿಳಿಸಿತು. ಸ್ವಾತಂತ್ರ್ಯ ಮತ್ತು ಪ್ರೀತಿ ಎರಡೂ ಒಟ್ಟಿಗೇ ಬಂದಿರುವುದನ್ನು ಗಮನಿಸಬೇಕು. ರೋಮಿನ ಕಥೋಲಿಕ ಶಿಕ್ಷಣ ಮಂಡಲಿಯ 1988ರ ದಾಖಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ವಾತಾವರಣವೇ ಇಲ್ಲವಾದರೆ ಶಾಲೆಯನ್ನು ಕಥೋಲಿಕವೆಂದು ಕರೆಯಲು ಉಳಿಯುವುದು ಅತ್ಯಲ್ಪವೆಂದು ಎಚ್ಚರಿಸಿತು. ಗೋಡೆಯ ಮೇಲಿನ ಶಿಲುಬೆಯೂ ಹೆಸರಿನ ಹಿಂದಿನ 'ಸಂತ' ಎಂಬ ಪದವೂ ಆ ಕೊರತೆಯನ್ನು ತುಂಬಲಾರವು. ಶಿಷ್ಯರ ಪಾದಗಳನ್ನು ತೊಳೆದ ಪ್ರಭು ಯೇಸುಕ್ರಿಸ್ತರಿಗಿಂತ ದೊಡ್ಡ ಮುಖ್ಯೋಪಾಧ್ಯಾಯರು ನಮಗೆ ಇಲ್ಲವಷ್ಟೆ.

ಇಲ್ಲಿ ಒಂದು ಅಹಿತವಾದ ಮಾತನ್ನೂ ಹೇಳಬೇಕಾಗಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯಿದೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು. ಆ ತೀರ್ಪಿನ ಕುರಿತ ಕಾನೂನಿನ ಚರ್ಚೆ ಏನೇ ಇರಲಿ, ಸಂವಿಧಾನ ನಮಗೆ ಕೊಟ್ಟ ಸ್ವಾತಂತ್ರ್ಯ ಮಗುವಿನ ಮೇಲೆ ಕೈಯೆತ್ತುವ ಸ್ವಾತಂತ್ರ್ಯವಾಗಬಾರದು. ಕಲಿಸುವ ಕೈ ಹೊಡೆಯುವ ಕೈಯಾಗಬಾರದೆಂದು 1599ರಲ್ಲೇ ಅರಿತ ಪರಂಪರೆಗೆ ಕಾಯಿದೆ ಬಂದು ಪಾಠ ಹೇಳುವ ಸ್ಥಿತಿ ಒದಗಬಾರದು. ಅಲ್ಲದೆ ಹಿಂಸೆ ಬೆತ್ತದಿಂದಲೇ ಆಗಬೇಕೆಂದಿಲ್ಲ. ಬೆಳಗಿನ ಅಸೆಂಬ್ಲಿಯಲ್ಲಿ ಎಲ್ಲರೆದುರು ಹೆಸರಿಡಿದು ಅವಮಾನಿಸುವುದು, ಶುಲ್ಕ ಕಟ್ಟದವನನ್ನು ಬೆಂಚಿನ ಮೇಲೆ ನಿಲ್ಲಿಸುವುದು, ಫಲಿತಾಂಶ ಕೆಡಬಹುದೆಂಬ ಅಂಜಿಕೆಯಿಂದ ಹಿಂದುಳಿದ ಹುಡುಗನನ್ನು ಒಂಬತ್ತನೆಯ ತರಗತಿಯಲ್ಲೇ ಬೇರೆ ಶಾಲೆಗೆ ಕಳುಹಿಸುವುದು, ಇವೆಲ್ಲವೂ ವಾತಾವರಣವನ್ನು ವಿಷಮಯಗೊಳಿಸುವ ಕಾರ್ಯಗಳೇ. ಇಂತಹವುಗಳಿಗೆ ಅಂತಿಮವಾಗಿ ಒಪ್ಪಿಗೆಯ ಮುದ್ರೆ ಬೀಳುವುದು ಮುಖ್ಯಸ್ಥರ ಮೇಜಿನ ಮೇಲೆ.

ವರ್ಗಾವಣೆಯ ಪರೀಕ್ಷೆ

ಹಾಗಾದರೆ ಒಳ್ಳೆಯ ನಾಯಕತ್ವವನ್ನು ಗುರುತಿಸುವ ಒರೆಗಲ್ಲು ಯಾವುದು? ಮುಖ್ಯಸ್ಥರು ಶಾಲೆಯಲ್ಲಿ ಇರುವಾಗಿನ ಮೌನವಲ್ಲ, ಅವರು ಹೋದ ಮೇಲೆ ಉಳಿಯುವ ನಡತೆಯೇ ಆ ಒರೆಗಲ್ಲು ಎಂಬುದು ಈ ಚರಿತ್ರೆಯೆಲ್ಲದರ ಸಾರ. ಲೆವಿನ್ನರ ಪ್ರಯೋಗದಲ್ಲಿ ನಾಯಕನು ಕೊಠಡಿಯಿಂದ ಹೊರನಡೆದದ್ದು ಕೆಲವು ನಿಮಿಷಗಳ ಕಾಲ. ನಮ್ಮ ಶಾಲೆಗಳಲ್ಲಿ ಆ ಪ್ರಯೋಗ ಪ್ರತಿ ವರ್ಗಾವಣೆಯಲ್ಲೂ ನಡೆಯುತ್ತದೆ. ಧರ್ಮಪ್ರಾಂತ್ಯದ ಗುರುಗಳಾಗಲಿ ಸಭೆಗಳ ಭಗಿನಿಯರಾಗಲಿ ಮೇಲಿನವರ ಅಪ್ಪಣೆ ಬಂದೊಡನೆ ಇಂದಿನ ಶಾಲೆಯನ್ನು ಬಿಟ್ಟು ನಾಳಿನ ಶಾಲೆಗೆ ನಡೆಯುತ್ತಾರೆ. ವಿಧೇಯತೆಯ ದೃಷ್ಟಿಯಿಂದ ಇದು ಸುಂದರವಾದ ಪದ್ಧತಿ. ಸಂಸ್ಥೆ ಒಬ್ಬರ ಸ್ವತ್ತಾಗದಂತೆ ಕಾಯುವ ಪದ್ಧತಿಯೂ ಹೌದು. ಆದರೆ ಒಬ್ಬರ ಕಾಲದಲ್ಲಿ ಕಂಡುಬಂದ ಉತ್ಸಾಹ ಇನ್ನೊಬ್ಬರ ಕಾಲಕ್ಕೆ ಮಾಯವಾಗುವುದಾದರೆ, ಅದು ವ್ಯಕ್ತಿಯ ಪ್ರಭೆಯಾಗಿತ್ತೇ ಹೊರತು ಶಾಲೆಯ ವಾತಾವರಣವಾಗಿರಲಿಲ್ಲ ಎಂದೇ ತಿಳಿಯಬೇಕು. ಹೆಸರು ಉಳಿಯದ ಆ ಹಳೆಯ ಭಗಿನಿಯರ ಶಾಲೆಗಳು ತಲೆಮಾರುಗಳವರೆಗೆ ಒಂದೇ ನಡೆನುಡಿಯನ್ನು ಉಳಿಸಿಕೊಂಡದ್ದು ಹೇಗೆ? ಅಲ್ಲಿ ಹಿರಿಯ ಅಧ್ಯಾಪಕಿಯರು, ಸಭೆಯ ನಿಯಮ, ದಿನದಿನದ ರೂಢಿ ಇವು ಆ ಗಾಳಿಯನ್ನು ಹೊತ್ತು ನಿಂತಿದ್ದುವು. ಮುಖ್ಯಸ್ಥರು ಅದನ್ನು ಪಡೆದರು, ಕಾಪಾಡಿದರು, ದಾಟಿಸಿದರು.

ಅಂತಹ ಶಾಲೆಯನ್ನು ಕಟ್ಟುವ ಕೆಲಸ ಮುಖ್ಯಸ್ಥರೊಬ್ಬರದೇ ಅಲ್ಲ. ಇಂದು ಅವರ ಬಹುಪಾಲು ಸಮಯ ಇಲಾಖೆಯ ತಖ್ತೆಗಳು, ಕಂಪ್ಯೂಟರಿನಲ್ಲಿ ತುಂಬಬೇಕಾದ ಮಾಹಿತಿಗಳು, ಪರವಾನಗಿಗಳ ನವೀಕರಣ ಇವುಗಳಲ್ಲೇ ಕಳೆದುಹೋಗುತ್ತದೆ. ಮಕ್ಕಳ ನಡುವೆ ಇರಬೇಕೆಂಬ ಡಾನ್ ಬಾಸ್ಕೋರವರ ಮಾತನ್ನು ಪಾಲಿಸಲು ಅವರಿಗೆ ಬಿಡುವನ್ನು ಒದಗಿಸಿಕೊಡುವುದು ಆಡಳಿತ ಮಂಡಲಿಯ ಹೊಣೆ. ಶಾಲೆಯ ಲೆಕ್ಕಪತ್ರ, ಕಟ್ಟಡದ ದುರಸ್ತಿ ಮೊದಲಾದ ಕೆಲಸಗಳಲ್ಲಿ ಧರ್ಮಕೇಂದ್ರದ ಅನುಭವಸ್ಥ ಗೃಹಸ್ಥರು, ನಿವೃತ್ತ ನೌಕರರು ಕೈಜೋಡಿಸಬಹುದು. ತಂದೆತಾಯಿಗಳ ಸಭೆಯಲ್ಲಿ ಅಂಕಗಳ ಮಾತಿನ ಜೊತೆಗೆ, ನಮ್ಮ ಮಗು ಶಾಲೆಯಲ್ಲಿ ಭಯವಿಲ್ಲದೆ ಪ್ರಶ್ನೆ ಕೇಳುತ್ತದೆಯೇ ಎಂಬ ಮಾತನ್ನೂ ಎತ್ತಬಹುದು. ಅಧ್ಯಾಪಕರಿಗೆ ಸಕಾಲಕ್ಕೆ ನ್ಯಾಯವಾದ ಸಂಬಳ ಸಲ್ಲುತ್ತಿದೆಯೇ ಎಂದು ವಿಚಾರಿಸುವುದೂ ನಮ್ಮ ಕರ್ತವ್ಯವೇ. ಏಕೆಂದರೆ ನೊಂದ ಅಧ್ಯಾಪಕರ ಕೊಠಡಿಯಿಂದ ನಲಿವಿನ ತರಗತಿ ಹುಟ್ಟಲಾರದು.

ನೂರು ವರ್ಷಗಳ ಹಿಂದೆ ಅಂದಿನವರು ಕಲ್ಲು ಸುಣ್ಣಗಳಿಂದ ಕಟ್ಟಿದ್ದನ್ನು ಇಂದಿನವರು ಬಣ್ಣ ಬಳಿದು ಸಿಂಗರಿಸಬಲ್ಲರು. ಆದರೆ ಶಾಲೆಯ ವಾತಾವರಣವನ್ನು ಪ್ರತಿ ಜೂನ್ ತಿಂಗಳಲ್ಲೂ, ಹೊಸ ಮಕ್ಕಳು ಬಾಗಿಲಲ್ಲಿ ನಿಂತಾಗ, ಮತ್ತೆ ಹೊಸದಾಗಿಯೇ ಕಟ್ಟಬೇಕಾಗುತ್ತದೆ. ಆ ಕೆಲಸದಲ್ಲಿ ತೊಡಗಿರುವ ನಮ್ಮೆಲ್ಲ ಶಾಲೆಗಳ ಮುಖ್ಯೋಪಾಧ್ಯಾಯರಿಗೂ ಮುಖ್ಯೋಪಾಧ್ಯಾಯಿನಿಯರಿಗೂ ದೇವರು ವಿವೇಕವನ್ನೂ ತಾಳ್ಮೆಯನ್ನೂ ದಯಪಾಲಿಸಲಿ. ಅವರ ಹೆಗಲಿಗೆ ಹೆಗಲು ಕೊಡುವ ಮನಸ್ಸನ್ನು ನಮಗೂ ಕರುಣಿಸಲಿ.